ನೆಟ್‌ವರ್ಕ್ ಸ್ಟೋರೇಜ್ ಡ್ರೈವರ್‌ಗೆ ನಾಲ್ಕು ಸಾಲಿನ ಪ್ಯಾಚ್: ರಿವ್ಯೂ ಎಲ್ಲಿಂದ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ತಂಡದಲ್ಲಿ ಟಿಸಿಪಿ ಮೇಲೆ ಡಿಸ್ಕ್ ತೋರಿಸುವ ಲಿನಕ್ಸ್ ಕರ್ನಲ್ ಡ್ರೈವರ್ ಒಂದಿದೆ. ರಚನೆ ಹೆಚ್ಚುಕಮ್ಮಿ ಎನ್‌ವಿಎಂಇ-ಟಿಸಿಪಿ ಡ್ರೈವರ್ (ದೂರದ ಎನ್‌ವಿಎಂಇ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಬಳಸಲು ಲಿನಕ್ಸ್‌ನಲ್ಲೇ ಇರುವ ಡ್ರೈವರ್) ಥರವೇ. ನೆಟ್‌ವರ್ಕ್ ಕಡಿದಾಗ ಒಮ್ಮೊಮ್ಮೆ ಕರ್ನಲ್ ಪ್ಯಾನಿಕ್ ಆಗಿ ಮಷಿನ್ ನಿಂತುಬಿಡುತ್ತದೆ. ಮೆಮೊರಿ ಫ್ರೀ ಆಗಿಹೋದ ಕ್ಯೂವನ್ನು (ಒಂದು ಕನೆಕ್ಷನ್‌ನ ರಿಕ್ವೆಸ್ಟ್‌ಗಳನ್ನು ನೋಡಿಕೊಳ್ಳುವ ರಚನೆ) ರಿಸೀವ್ ಮಾಡುವ ಕೋಡ್ ಮತ್ತೆ ಮುಟ್ಟುತ್ತಿದೆ. ಸಹೋದ್ಯೋಗಿ ಕಳಿಸಿದ ಪ್ಯಾಚ್ ನಾಲ್ಕೇ ಸಾಲು: ಕ್ಯೂನ ಪಾಯಿಂಟರ್ ನಲ್ (ಖಾಲಿ) ಆಗಿದ್ದರೆ ವಾಪಸ್ ಹೋಗು. ಈಗ ಪ್ಯಾನಿಕ್ ಬರುತ್ತಿಲ್ಲ ಎನ್ನುತ್ತಾರೆ. ಇಂಥ ಕೋಡ್ ರಿವ್ಯೂ ನನಗೆ ಇದೇ ಮೊದಲು. ಒಪ್ಪಿಗೆ ಕೊಡುವ ಮುಂಚೆ ಏನೇನು ನೋಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1

ನಲ್ ಚೆಕ್ ಕಂಡ ಕೂಡಲೇ ನಾನು ಕೇಳುವುದು ಇಷ್ಟು: ಚೆಕ್ ಮುಗಿದು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಆ ಕ್ಯೂ ಫ್ರೀ ಆಗದಂತೆ ಯಾವುದು ತಡೆಯುತ್ತಿದೆ? ಯಾವ ಲಾಕ್? ಯಾವ ರೆಫರೆನ್ಸ್ ಕೌಂಟ್ (ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಎಣಿಕೆ)? ಉತ್ತರ ಇಲ್ಲ ಅಂದರೆ ಬಗ್ ಹೋಗಿಲ್ಲ. ಮೊದಲಿಗಿಂತ ಅಪರೂಪವಾಗಿದೆ, ಹಿಡಿಯೋದು ಇನ್ನೂ ಕಷ್ಟ ಆಗಿದೆ.

ಪ್ಯಾಚನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕ್ಯೂ ಮುಚ್ಚುವ ಫಂಕ್ಷನ್ ಪೂರ್ತಿ ಓದಿ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಸಾಕೆಟ್‌ನ ಡೇಟಾ ರೆಡಿ ಕಾಲ್‌ಬ್ಯಾಕ್ (ಡೇಟಾ ಬಂದಾಗ ಕರ್ನಲ್ ಕರೆಯುವ ಫಂಕ್ಷನ್), ವರ್ಕ್‌ಕ್ಯೂನಲ್ಲಿ (ಆಮೇಲೆ ಮಾಡಲು ಇಟ್ಟ ಕೆಲಸಗಳ ಸಾಲು) ಓಡುವ ಕೆಲಸ, ಮುಚ್ಚುವ ದಾರಿ. ಯಾರು ಯಾವ ಕ್ಷಣದಲ್ಲಿ ಆ ಕ್ಯೂ ಮುಟ್ಟಬಹುದು ಅಂತ ಬರೆಯುತ್ತಾ ಹೋಗಿ. ಎನ್‌ವಿಎಂಇ-ಟಿಸಿಪಿಯಲ್ಲಿ ಮೊದಲು ಸಾಕೆಟ್ ಶಟ್‌ಡೌನ್ ಆಗುತ್ತದೆ. ಆಮೇಲೆ ಸಾಕೆಟ್‌ನ ಮೂಲ ಕಾಲ್‌ಬ್ಯಾಕ್‌ಗಳನ್ನು ಮತ್ತೆ ಕೂರಿಸುತ್ತಾರೆ. ಕ್ಯಾನ್ಸಲ್ ವರ್ಕ್ ಸಿಂಕ್ (ಕೆಲಸ ರದ್ದು ಮಾಡಿ, ಓಡುತ್ತಿದ್ದರೆ ಮುಗಿಯುವವರೆಗೆ ಕಾಯುವ ಕರೆ) ಅದಾದ ಮೇಲೆ. ಈ ಕ್ರಮ ಸುಮ್ನೆ ಬಂದದ್ದಲ್ಲ. ಕೆಲಸ ಕ್ಯಾನ್ಸಲ್ ಮಾಡಿದ ಮೇಲೂ ಕಾಲ್‌ಬ್ಯಾಕ್ ಜೀವಂತವಾಗಿದ್ದರೆ, ಒಂದು ಪ್ಯಾಕೆಟ್ ಬಂದರೆ ಸಾಕು, ಅದೇ ಕೆಲಸ ಮತ್ತೆ ವರ್ಕ್‌ಕ್ಯೂಗೆ ಬೀಳುತ್ತದೆ.

ಇನ್ನೊಂದು ಮಾತು. ಸರಿಪಡಿಸುವಾಗ ಯಾರಾದರೂ ಆ ಕಾಲ್‌ಬ್ಯಾಕ್ ಒಳಗೆ ಮ್ಯೂಟೆಕ್ಸ್ (ಸಿಗದಿದ್ದರೆ ನಿದ್ದೆ ಹೋಗಿ ಕಾಯುವ ಲಾಕ್) ಹಾಕಿದರೆ ಒಪ್ಪಬೇಡಿ. ಆ ಕಾಲ್‌ಬ್ಯಾಕ್ ಸಾಮಾನ್ಯವಾಗಿ ಸಾಫ್ಟ್‌ಐಆರ್‌ಕ್ಯೂನಲ್ಲಿ (ಇಂಟರಪ್ಟ್‌ನ ಉಳಿದ ಕೆಲಸ ಮುಗಿಸುವ ಹಂತ) ಓಡುತ್ತದೆ, ಅಲ್ಲಿ ನಿದ್ದೆ ಹೋಗುವಂತಿಲ್ಲ.

ಉತ್ತರ 2

ನಮಗೆ ಪೆಟ್ಟು ಬಿದ್ದದ್ದು ಟೈಮ್‌ಔಟ್ ಜಾಗದಲ್ಲಿ. ಅಲ್ಲಿ ಪ್ಯಾನಿಕ್ ಕೂಡ ಆಗಲಿಲ್ಲ.

ಲಿನಕ್ಸ್‌ನಲ್ಲಿ ಎನ್‌ವಿಎಂಇಗೂ ಎಸ್‌ಸಿಎಸ್‌ಐ (ಇನ್ನೊಂದು ಬಗೆಯ) ಡಿಸ್ಕ್‌ಗೂ ಉತ್ತರಕ್ಕೆ ಕಾಯುವ ಡೀಫಾಲ್ಟ್ ಟೈಮ್‌ಔಟ್ 30 ಸೆಕೆಂಡ್. ನಾವೂ ಅಷ್ಟೇ ಇಟ್ಟಿದ್ದೆವು. ಒಂದು ರೀಡ್ ರಿಕ್ವೆಸ್ಟ್‌ಗೆ ಸಮಯ ಮೀರಿತು. ಡ್ರೈವರ್ ಕನೆಕ್ಷನ್ ಮುರಿಯದೆ ಅದರ ಟ್ಯಾಗ್ (ರಿಕ್ವೆಸ್ಟ್‌ನ ಗುರುತಿನ ಸಂಖ್ಯೆ) ಬಿಟ್ಟುಕೊಟ್ಟಿತು. ಅದೇ ಟ್ಯಾಗ್ ಹೊಸ ರಿಕ್ವೆಸ್ಟ್‌ಗೆ ಸಿಕ್ಕಿತು. ಆಮೇಲೆ ಹಳೆಯ ಉತ್ತರ ತಡವಾಗಿ ಬಂತು, ಹೊಸ ರಿಕ್ವೆಸ್ಟ್‌ನ ಬಫರ್‌ಗೆ ಹೋಗಿ ಕೂತಿತು. ಯಾವ ಎರರ್ ಕೂಡ ಇಲ್ಲ, ಫೈಲ್ ಒಳಗಿನದು ಮಾತ್ರ ತಪ್ಪು. ಟೈಮ್‌ಔಟ್ ಕೋಡ್ ಬದಲಿಸಿದ ಆ ಪ್ಯಾಚ್‌ಗೆ ಒಪ್ಪಿಗೆ ಕೊಟ್ಟವನು ನಾನೇ. ಅದರ ಬೇಸರ ಇವತ್ತಿಗೂ ಇದೆ.

ಎನ್‌ವಿಎಂಇ ಕೋಡ್‌ಗೆ 2021ರಲ್ಲಿ, 5.15 ಕರ್ನಲ್‌ನಲ್ಲಿ, ಇದಕ್ಕೊಂದು ಕಾವಲು ಬಂತು. 16 ಬಿಟ್‌ನ ಕಮಾಂಡ್ ಐಡಿಯಲ್ಲಿ 12 ಬಿಟ್ ಟ್ಯಾಗ್, ಉಳಿದ 4 ಬಿಟ್ ಜನರೇಶನ್ ಕೌಂಟರ್ (ಟ್ಯಾಗ್ ಮತ್ತೆ ಬಳಸಿದಾಗಲೆಲ್ಲ ಏರುವ ಎಣಿಕೆ). ಹಳೆಯ ಉತ್ತರ ಬಂದರೆ ಕೌಂಟರ್ ಹೊಂದುವುದಿಲ್ಲ, ಅದನ್ನು ಬಿಸಾಡಬಹುದು. ಆದರೆ 4 ಬಿಟ್ ಅಂದರೆ 16 ಸಲಕ್ಕೆ ಒಂದು ಸುತ್ತು ಮುಗಿಯುತ್ತದೆ. ಹಾಗಾಗಿ ಟೈಮ್‌ಔಟ್ ಕೋಡ್ ತಪ್ಪಿದ್ದರೆ ಇದನ್ನೇ ನಂಬಿ ಕೂರಬಾರದು. ನಿಮ್ಮ ಡ್ರೈವರ್‌ನಲ್ಲಿ ಟೈಮ್‌ಔಟ್ ಮತ್ತು ಕಂಪ್ಲೀಶನ್ (ಉತ್ತರ ಬಂದು ರಿಕ್ವೆಸ್ಟ್ ಮುಗಿಯುವುದು) ಒಟ್ಟಿಗೆ ಬಂದರೆ ರಿಕ್ವೆಸ್ಟ್ ಯಾರ ಕೈಯಲ್ಲಿರುತ್ತದೆ? ಪ್ಯಾಚ್ ಬರೆದವರನ್ನೇ ಕೇಳಿ ನೋಡಿ.

ಉತ್ತರ 3

ಪ್ಯಾಚ್ ಬೆಳೆದರೆ ಮೆಮೊರಿ ಕೇಳುವ ಸಾಲುಗಳನ್ನು ಹುಡುಕಿ. ಕಳಿಸುವ ದಾರಿಯಲ್ಲಿ ಜಿಎಫ್‌ಪಿ ಕರ್ನಲ್ (ಮೆಮೊರಿ ಕೇಳುವಾಗ ಕೊಡುವ ಸಾಮಾನ್ಯ ಫ್ಲ್ಯಾಗ್) ಕಂಡರೆ ಅಲ್ಲೇ ನಿಲ್ಲಿ. ಮೆಮೊರಿ ಸಾಲದಾದಾಗ ಕರ್ನಲ್ ಡರ್ಟಿ ಪೇಜ್‌ಗಳನ್ನು (ಬದಲಾಗಿ, ಇನ್ನೂ ಡಿಸ್ಕ್‌ಗೆ ಹೋಗದ ಪುಟಗಳು) ಡಿಸ್ಕ್‌ಗೆ ಬರೆಯಲು ನೋಡುತ್ತದೆ. ಆ ಡಿಸ್ಕ್ ನಿಮ್ಮದೇ ಆಗಿರಬಹುದು. ಬರೆಯಲು ಮೆಮೊರಿ ಬೇಕು, ಮೆಮೊರಿ ಸಿಗಲು ಬರೆಯಬೇಕು, ಎಲ್ಲ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಜಿಎಫ್‌ಪಿ ನೋಐಒ (ಮೆಮೊರಿಗಾಗಿ ಡಿಸ್ಕ್ ಕೆಲಸ ಶುರು ಮಾಡಬೇಡ ಎನ್ನುವ ಫ್ಲ್ಯಾಗ್) ಬೇಕು. ವರ್ಕ್‌ಕ್ಯೂಗೆ ಮೆಮ್ ರಿಕ್ಲೇಮ್ ಫ್ಲ್ಯಾಗ್ (ಮೆಮೊರಿ ಸಾಲದಾದಾಗಲೂ ಕೆಲಸ ಮುಂದೆ ಸಾಗುವಂತೆ ಮಾಡುವುದು) ಇದೆಯಾ ಅಂತಲೂ ನೋಡಿ.

ಉತ್ತರ 4

"ಪ್ಯಾನಿಕ್ ಬರುತ್ತಿಲ್ಲ" ಅನ್ನೋದು ಎಷ್ಟು ಓಡಿಸಿದ ಮೇಲೆ? ಕಸಾನ್ (ಫ್ರೀ ಆದ ಮೆಮೊರಿ ಮುಟ್ಟಿದರೆ ಹಿಡಿಯುವುದು) ಮತ್ತು ಲಾಕ್‌ಡೆಪ್ (ಲಾಕ್‌ಗಳ ತಪ್ಪು ಹಿಡಿಯುವುದು) ಆನ್ ಮಾಡಿದ ಕರ್ನಲ್ ಕಟ್ಟಿ. ಟಿಸಿ ನೆಟ್‌ಎಮ್‌ನಿಂದ (ಕೆಟ್ಟ ನೆಟ್‌ವರ್ಕ್ ಅನುಕರಿಸುವ ಲಿನಕ್ಸ್ ಸಾಧನ) ಪ್ಯಾಕೆಟ್ ತಡ ಮಾಡಿ, ಬೀಳಿಸಿ. ಎಫ್‌ಐಒ (ಡಿಸ್ಕ್ ಮೇಲೆ ಲೋಡ್ ಹಾಕುವ ಟೂಲ್) ಓಡುತ್ತಿರುವಾಗಲೇ ಕನೆಕ್ಷನ್ ಕಡಿಯುತ್ತಾ ಇರಿ. ಮೊದಲು ಪ್ಯಾಚ್ ಇಲ್ಲದೆ ಬಗ್ ಬರಿಸಬೇಕು. ಬರಿಸಲಾಗದಿದ್ದರೆ ಪ್ಯಾಚ್ ಹಾಕಿದ ಮೇಲೆ ಬರದಿರುವುದಕ್ಕೆ ಅರ್ಥ ಇಲ್ಲ, ಅಲ್ವಾ?

ಪ್ರಶ್ನೆ ಕೇಳಿದವನಿಂದ

ತುಂಬಾ ಧನ್ಯವಾದ. ನಿನ್ನೆ ಮೂರು ಕಾಲಂ ಎಳೆದು ಕೂತೆ. ನಮ್ಮಲ್ಲಿ ಕೆಲಸ ಕ್ಯಾನ್ಸಲ್ ಆಗುವುದು ಮೊದಲು, ಕಾಲ್‌ಬ್ಯಾಕ್ ವಾಪಸ್ ಹೋಗುವುದು ಆಮೇಲೆ. ಆ ನಡುವೆ ಹತ್ತು ಮಿಲಿಸೆಕೆಂಡ್ ಡಿಲೇ ಸೇರಿಸಿ ನೆಟ್‌ಎಮ್ ಜೊತೆ ಓಡಿಸಿದೆ. ನಲ್ ಚೆಕ್ ಇದ್ದರೂ ಕಸಾನ್ ಹಿಡಿಯಿತು. ರಿಪೋರ್ಟ್ ಸಹೋದ್ಯೋಗಿಗೆ ಕಳಿಸಿದ್ದೇನೆ. ಇಬ್ಬರೂ ಕೂತು ಕ್ರಮ ಬದಲಿಸಿ ಎರಡನೇ ಆವೃತ್ತಿ ಬರೆಯುತ್ತಿದ್ದೇವೆ. ಟೈಮ್‌ಔಟ್ ಕೋಡ್ ಇನ್ನೂ ಓದಿಲ್ಲ, ನಾಳೆ ಅದೇ ಕೆಲಸ.