ತಂದೆಯವರ 1967ರ ಜಾವಾ: ಮಾರುವ ಮುನ್ನ ಬಣ್ಣ ಹೊಡೆಸಬೇಕೇ?

ಪ್ರಶ್ನೆ (ಹಾಸನದಿಂದ)

ಮಾನ್ಯರೇ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ, ದಿವಂಗತ ತಂದೆಯವರ 1967ರ ಜಾವಾ 250 ಗಾಡಿಯನ್ನು ಮಾರಬೇಕೆಂದಿದ್ದೇನೆ. ಹನ್ನೆರಡು ವರ್ಷಗಳಿಂದ ಅದು ಹಿತ್ತಲಿನ ಶೆಡ್ಡಿನಲ್ಲೇ ನಿಂತಿದೆ. ಟ್ಯಾಂಕಿನ ಕ್ರೋಮಿಗೆ ಅಲ್ಲಲ್ಲಿ ತುಕ್ಕು ಹಿಡಿದಿದೆ, ಮೊಣಕಾಲು ತಾಗುವ ರಬ್ಬರು ಎಡಗಡೆ ಸವೆದಿದೆ. ಆದರೆ ಬಣ್ಣ, ಸೀಟು, ಸೈಲೆನ್ಸರುಗಳೆಲ್ಲ ಕಂಪನಿಯಿಂದ ಬಂದವೇ. ಹೊಸದಾಗಿ ಬಣ್ಣ ಹೊಡೆಸಿದರೆ ಬೆಲೆ ಏರುತ್ತದೆ ಎಂದು ಇಲ್ಲಿನ ಮೆಕ್ಯಾನಿಕ್ ಹೇಳುತ್ತಾರೆ. ಆರ್‌ಸಿ ಇನ್ನೂ ತಂದೆಯವರ ಹೆಸರಿನಲ್ಲಿದೆ.

ಉತ್ತರ 1 (ಮೈಸೂರಿನಿಂದ)

ದಯವಿಟ್ಟು ಹೊಡೆಸಬೇಡಿ. ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಹೊರಬಿದ್ದ ದಿನದ ಬಣ್ಣವನ್ನೇ ಉಳಿಸಿಕೊಂಡ ಗಾಡಿ ಈಗ ಹುಡುಕಿದರೂ ಸಿಗುವುದು ಕಷ್ಟ. ಕನ್ನಡಿಯಂತೆ ಹೊಳೆಯುತ್ತಿದ್ದ ಜಾವಾ ಒಂದನ್ನು ಕೊಂಡು ನಾನೇ ಮೋಸಹೋಗಿದ್ದೇನೆ. ಮನೆಗೆ ತಂದ ಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಂದಿನ ಮಡ್‌ಗಾರ್ಡಿನ ಮೇಲೆ ಆಡಿಸಿದರೆ, ಒಂದು ಗೇಣಿನಷ್ಟು ಜಾಗದಲ್ಲಿ ಅದು ಅಂಟಲೇ ಇಲ್ಲ; ಅಲ್ಲಿದ್ದುದು ಬರೀ ಪುಟ್ಟಿ. ನಿಮ್ಮ ಗಾಡಿಯ ತುಕ್ಕು ಏನನ್ನೂ ಮುಚ್ಚಿಡುವುದಿಲ್ಲ, ಕೊಳ್ಳುವವನಿಗೆ ಬೇಕಾದದ್ದೂ ಅದೇ. ಬಣ್ಣದ ದುಡ್ಡಿನಲ್ಲಿ ಟ್ಯಾಂಕಿನ ಹಳೆಯ ಪೆಟ್ರೋಲು ತೆಗೆಸಿ, ಕಾರ್ಬುರೇಟರ್ ತೊಳೆಸಿ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಒಂದು ದಿನ ಕಳೆಯುವ ತನಕ ಕಿಕ್ಕರ್ ತುಳಿಯಬೇಡಿ.

ಉತ್ತರ 2 (ಬೆಂಗಳೂರಿನಿಂದ)

ಬಣ್ಣಕ್ಕಿಂತ ಮೊದಲು ಕಾಗದಪತ್ರ. ಮರಣ ಪ್ರಮಾಣಪತ್ರದೊಂದಿಗೆ ಫಾರಂ 31 ಸಲ್ಲಿಸಿ ಆರ್‌ಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದೆ, ಮಾರಾಟದ ಫಾರಂ 29 ಮತ್ತು 30ಕ್ಕೆ ಸಹಿ ಹಾಕಲು ನಿಮಗೆ ಅಧಿಕಾರವೇ ಇರುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯಂತೆ, 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದೆ. ಮೈಸೂರು ರಾಜ್ಯದ ಕಾಲದ ಹಳೆಯ ‘ಎಂವೈ’ ನೋಂದಣಿ ಸಂಖ್ಯೆಯನ್ನು ಉಳಿಸಿಕೊಳ್ಳಲು ಅವಕಾಶವಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ, ಓಡಿಸಲೆಂದೇ ಕೊಳ್ಳುವವರು ಹಿಂಜರಿಯಬಹುದು. ಆ ತೀರ್ಮಾನವನ್ನು ಕೊಳ್ಳುವವರಿಗೇ ಬಿಡುವುದು ಲೇಸು.

ಉತ್ತರ 3 (ಶಿವಮೊಗ್ಗದಿಂದ)

ಕೊಳ್ಳುವವನಾಗಿ ನಾನು ಮೊದಲು ನೋಡುವುದು ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಆರ್‌ಸಿಗೆ ಹೊಂದುತ್ತವೆಯೇ ಎಂಬುದನ್ನು, ನಂತರ ಹೊಗೆಯನ್ನು. ಎರಡು ಸ್ಟ್ರೋಕಿನ ಗಾಡಿ ಶುರುವಿನಲ್ಲಿ ಹೊಗೆ ಉಗುಳುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕಿನ ಸೀಲ್ ಹೋಗಿ, ಗೇರ್ ಎಣ್ಣೆ ಒಳಸೇರುತ್ತಿರುವ ಸಾಧ್ಯತೆ ಹೆಚ್ಚು. ಅಂಥದ್ದಿದ್ದರೆ ಮುಚ್ಚಿಡದೆ ಹೇಳಿಬಿಡಿ, ಚೌಕಾಸಿಯಾದರೂ ವ್ಯವಹಾರ ಮುರಿಯುವುದಿಲ್ಲ. ಸವೆದ ಆ ರಬ್ಬರನ್ನು ಮಾತ್ರ ಬದಲಾಯಿಸಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಟ್ಯಾಂಕ್ ಇಳಿಸಿ ನೋಡಿದೆವು: ಬಿಸಿಲು ತಾಗದ ಅದರ ತಳದಲ್ಲಿ ಕಡುಗೆಂಪು ಬಣ್ಣ ಒಂದಿಷ್ಟೂ ಮಾಸಿಲ್ಲ. ಮೆಕ್ಯಾನಿಕ್ ಕೂಡ ಅದನ್ನು ಕಂಡು ಸುಮ್ಮನಾದರು. ಸೋಮವಾರ ಆರ್‌ಟಿಒ ಕಚೇರಿಗೆ ಹೋಗಿ ಫಾರಂ 31 ಕೊಟ್ಟು ಬರುತ್ತೇನೆ.