ಹಲಗೆ ನಾಲ್ಕು ಜನರದ್ದು

(ನಮ್ಮ ‘ಮೂಲಮನೆ ಬಳಗ’ ಗುಂಪು, ಕಳೆದ ಭಾನುವಾರ. ಬಾಲ್ಕನಿಯ ಮೇಜಿನ ಮೇಲಿದ್ದ ಗಿಟಾರ್ ಬಾಡಿಯ ಫೋಟೋ ಹಾಕಿ, ಕೆಳಗೆ ‘ಮೂರು ತಿಂಗಳ ಕೆಲಸ’ ಎಂದು ಬರೆದಿದ್ದೆ. ಹೊಗಳುತ್ತಾರೆ ಅಂದುಕೊಂಡಿದ್ದೆ.)

ಸಾಗರದ ದೊಡ್ಡಪ್ಪ: ಇದು ಅಟ್ಟದ ಮೇಲಿದ್ದ ಹಲಸಿನ ಹಲಗೆ ಅಲ್ವಾ?

ನಾನು: ಹೌದು ದೊಡ್ಡಪ್ಪ. ದೀಪಾವಳಿಗೆ ಬಂದಾಗ ಕೇಳಿಯೇ ತಂದೆ.

ದೊಡ್ಡಪ್ಪ: ಯಾರನ್ನು ಕೇಳಿದೆ?

ನಾನು: ಚಿಕ್ಕಪ್ಪನನ್ನು.

ಚಿಕ್ಕಪ್ಪ: ನನಗೆ ಮೇಜು ಅಂತ ಕೇಳಿಸಿತು ಮಾರಾಯ. ಆಗ ಅಡಿಕೆಯ ಕೊನೆ ಕೊಯ್ಲಿನ ಲೆಕ್ಕ ಬರೆಯುತ್ತಿದ್ದೆ.

ದೊಡ್ಡಪ್ಪ: ಅದು ಅಪ್ಪ ಇಟ್ಟ ಹಲಗೆ. ನಾವು ನಾಲ್ಕು ಜನರಿಗೂ ಸೇರಿದ್ದು.

ಪುಣೆಯ ತಮ್ಮ: ಆರು ತಂತಿ, ನಾಲ್ಕು ಪಾಲು. ಒಬ್ಬೊಬ್ಬರಿಗೆ ಒಂದೂವರೆ ತಂತಿ ಬರುತ್ತದೆ ದೊಡ್ಡಪ್ಪ 😄

ದೊಡ್ಡಪ್ಪ: ನೀನು ಸುಮ್ಮನಿರು.

ತಮ್ಮ: ತಮಾಷೆ ಬಿಡಿ. ಅಣ್ಣ, ಎಲೆಕ್ಟ್ರಿಕ್ ಗಿಟಾರಿಗೆ ಅಷ್ಟು ಒಳ್ಳೆ ಮರ ಯಾಕೆ ಬೇಕಿತ್ತು? ದನಿ ಹಿಡಿಯುವ ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿ, ಅಷ್ಟೇ. ಮೇಲೆ ಸ್ಟೀಲ್ ತಂತಿ ಅದುರಿದರೆ ಕರೆಂಟ್ ಹುಟ್ಟುತ್ತದೆ. ಮರದ ದನಿ ಅದಕ್ಕೆ ಕೇಳಿಸುವುದೇ ಇಲ್ಲ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕು ಇಂಚಿನ ಪೈನ್ ತೊಲೆಗೆ ತಂತಿ ಕಟ್ಟಿ ಬಾರಿಸಿದ್ದ. ನೋಡುವವರಿಗೆ ಗಿಟಾರ್ ಅನ್ನಿಸಲಿ ಅಂತ ಇನ್ನೊಂದು ಗಿಟಾರನ್ನು ಸೀಳಿ ಎರಡು ಕಡೆ ರೆಕ್ಕೆ ಹಚ್ಚಿದ.

ಮೈಸೂರು ಅತ್ತೆ: ಮರಕ್ಕೆ ದನಿ ಇಲ್ಲ ಅನ್ನಬೇಡ ಪುಟ್ಟ. ನನ್ನ ವೀಣೆಯೂ ಹಲಸಿನದ್ದೇ. ಬೆರಳಿನ ಗೆಣ್ಣಿನಿಂದ ಕೊಡದ ಮೇಲೆ ತಟ್ಟಿ ನೋಡು, ಗೊತ್ತಾಗುತ್ತದೆ.

ನಾನು: ಅತ್ತೆ, ವೀಣೆಯ ಕೊಡ ಟೊಳ್ಳು. ಅದರ ಗಾಳಿ, ಅದರ ಮರ ಎಲ್ಲ ಸೇರಿಯೇ ನಾದ. ಇದು ಗಟ್ಟಿ ಹಲಗೆ. ತಮ್ಮ ಹೇಳಿದ್ದು ಮುಕ್ಕಾಲು ಸರಿ.

ಅತ್ತೆ: ಹಾಗಾದರೆ ಅಂಗಡಿಯ ಪ್ಲೈವುಡ್ ತರಬಹುದಿತ್ತಲ್ಲ. ಅಪ್ಪನ ಹಲಗೆಯೇ ಯಾಕೆ?

(ಇದಕ್ಕೆ ಉತ್ತರ ಟೈಪ್ ಮಾಡಿ ಎರಡು ಸಲ ಅಳಿಸಿದೆ.)

ನಾನು: ಒಣಗಿದ ಮರ ಬೇಕಿತ್ತು ಅತ್ತೆ. ಹಸಿ ಹಲಗೆಯಲ್ಲಿ ಗುಂಡಿ ತೋಡಿದರೆ ನಾಲ್ಕು ತಿಂಗಳಲ್ಲಿ ಬಾಗುತ್ತದೆ, ಅಳತೆ ಎಲ್ಲ ಕೆಡುತ್ತದೆ. ಇದು ಒಲೆಯ ಹೊಗೆ ತಿಂದು ಐವತ್ತು ವರ್ಷ ಅಟ್ಟದಲ್ಲಿ ಒಣಗಿದ್ದು. ಎರಡು ಇಂಚು ದಪ್ಪ ಇತ್ತು, ನನಗೆ ಬೇಕಿದ್ದದ್ದು 45 ಮಿಮೀ. ಮತ್ತೆ, ಅಜ್ಜನ ಮನೆಯದ್ದು ಅಂತಲೂ ಹೌದು.

ಅತ್ತೆ: ಅದನ್ನು ಮೊದಲೇ ಹೇಳಬಾರದಾ.

ದೊಡ್ಡಪ್ಪ: ಕತ್ತರಿಸಿ ಹಾಕಿದ ಮೇಲೆ ಪ್ರೀತಿ.

ಚಿಕ್ಕಪ್ಪ: ಹಲಗೆ ಅಗಲ ಏಳು ಇಂಚು ಇತ್ತು ಅಷ್ಟೇ. ಇದು ಜಾಸ್ತಿ ಕಾಣುತ್ತಿದೆ?

ನಾನು: ಬಾಡಿಗೆ ಸುಮಾರು 13 ಇಂಚು ಅಗಲ ಬೇಕು. ಎರಡು ತುಂಡು ಮಾಡಿ ಅಂಚಿಗೆ ಅಂಚು ಅಂಟಿಸಿದೆ. ಎರಡನ್ನೂ ಕೂಡಿಸಿ ಕಿಟಕಿಗೆ ಹಿಡಿದರೆ ನಡುವೆ ಒಂದು ಎಳೆ ಬೆಳಕೂ ಬರಬಾರದು. ತೋಪಡ ಹೊಡೆಯುವುದು, ಹಿಡಿದು ನೋಡುವುದು, ಮತ್ತೆ ಹೊಡೆಯುವುದು. ಎರಡು ಭಾನುವಾರ ಅದಕ್ಕೇ ಹೋಯಿತು. ಆಮೇಲೆ ಮರದ ನಾರು ಒತ್ತಿ ಮಾಡಿದ 12 ಮಿಮೀ ಎಂಡಿಎಫ್‌ನಲ್ಲಿ ಅಚ್ಚು ಕೊಯ್ದು, ಹಲಗೆಗೆ ಕಚ್ಚಿಸಿ, ಮರ ಕೊರೆಯುವ ಯಂತ್ರ ರೌಟರ್‌ಗೆ ಬೇರಿಂಗ್ ಇರುವ ಬಿಟ್ (ಅಲಗು) ಹಾಕಿ ಓಡಿಸಿದೆ. ಬೇರಿಂಗ್ ಅಚ್ಚನ್ನು ಸವರುತ್ತಾ ಹೋಗುತ್ತದೆ, ಬಿಟ್ ಮರ ತಿನ್ನುತ್ತದೆ. ಒಂದು ಸುತ್ತಿಗೆ ಐದಾರು ಮಿಮೀ ಮಾತ್ರ. ಆಸೆ ಬಿದ್ದು ಜಾಸ್ತಿ ಇಳಿಸಿದರೆ ತಿರುವಿನಲ್ಲಿ ಮರ ಸಿಬಿರು ಏಳುತ್ತದೆ.

ಅಮ್ಮ: ಪುಡಿ ಎಲ್ಲ ಒಣಗಲು ಹಾಕಿದ ಬಟ್ಟೆ ಮೇಲೆ. ಬಿಳಿ ಪಂಚೆ ಅರಿಶಿನ ಶಾಸ್ತ್ರಕ್ಕೆ ಹೋಗಿ ಬಂದ ಹಾಗಿತ್ತು.

ದೊಡ್ಡಪ್ಪ: ಮೇಲುಗಡೆ ಒಂದು ಕಪ್ಪು ಕಲೆ ಕಾಣುತ್ತಿದೆ. ಅದೇನು?

ನಾನು: ಮೊಳೆ ದೊಡ್ಡಪ್ಪ. ತಲೆ ಮುರಿದು ಒಳಗೇ ಉಳಿದಿತ್ತು. ರೌಟರ್ ಠಣ್ ಅಂತು, ಕಿಡಿ ಹಾರಿತು, 900 ರೂಪಾಯಿಯ ಬಿಟ್ ಹೋಯಿತು. ಮೊಳೆ ಕಿತ್ತ ಮೇಲೂ ಸುತ್ತ ತುಕ್ಕು ಇಳಿದ ಕಲೆ ಉಳಿಯಿತು.

ದೊಡ್ಡಪ್ಪ: ಅದು ಪಂಚಾಂಗ ನೇತು ಹಾಕುತ್ತಿದ್ದ ಮೊಳೆ. ಅಟ್ಟಕ್ಕೆ ಹಾಕುವ ಮೊದಲು ಆ ಹಲಗೆ ಜಗುಲಿಯಲ್ಲಿತ್ತು. ನನ್ನನ್ನು ಒಂದು ಮಾತು ಕೇಳಿದ್ದರೆ ಮೊಳೆ ಎಲ್ಲಿದೆ ಅಂತ ಹೇಳುತ್ತಿದ್ದೆ.

ತಮ್ಮ: 🔥 ಇದಕ್ಕೆ ಉತ್ತರ ಇಲ್ಲ ಅಣ್ಣ.

ನಾನು: ಇಲ್ಲ.

ಅತ್ತೆ: ಒಂದು ಕೇಳುತ್ತೇನೆ. ನಮ್ಮ ವೀಣೆಯಲ್ಲಿ ಸ್ವರದ 24 ಮೆಟ್ಟಿಲನ್ನೂ ಮೇಣದಲ್ಲಿ ಕೂರಿಸುತ್ತಾರೆ. ಸ್ವರ ತಪ್ಪಿದರೆ ಮೇಣ ಕಾಯಿಸಿ ಸರಿಸಬಹುದು. ನಿನ್ನದರಲ್ಲಿ ತಪ್ಪಿದರೆ?

ನಾನು: ಅದೇ ಭಯ ಅತ್ತೆ. ಇದರ ಮೆಟ್ಟಿಲು ಕುತ್ತಿಗೆಯ ಸೀಳಿನಲ್ಲಿ ಬಡಿದು ಕೂರಿಸಿದ್ದು, ಅಲ್ಲಾಡುವುದಿಲ್ಲ. ಕುತ್ತಿಗೆ ಮಾತ್ರ ರೆಡಿಮೇಡ್ ತಂದೆ. ತಂತಿಯ ಉದ್ದ 648 ಮಿಮೀ. ಮೇಲುಗಡೆ ತಂತಿ ಕೂರುವ ಪಟ್ಟಿ, ಅಂದರೆ ನಟ್‌ನಿಂದ ಹನ್ನೆರಡನೇ ಮೆಟ್ಟಿಲಿಗೆ 324, ಅಲ್ಲಿಂದ ಬ್ರಿಡ್ಜಿಗೆ (ನಿಮ್ಮ ವೀಣೆಯ ಕುದುರೆ ಇದ್ದ ಹಾಗೆ) ಇನ್ನೊಂದು 324, ಮೇಲೆ ಚೂರು. ಬ್ರಿಡ್ಜಿನ ಸ್ಕ್ರೂ ತಿರುಗಿಸಿ ಕೆಲವೇ ಮಿಮೀ ಹಿಂದೆ ಮುಂದೆ ಮಾಡಬಹುದು. ಅದರಾಚೆ ತಪ್ಪಿದರೆ ತೂತು ಮುಚ್ಚಿ ಬೇರೆ ಕೊರೆಯಬೇಕು. ಕುತ್ತಿಗೆ ಕೂರುವ ಗುಂಡಿಯೂ ಹಾಗೆಯೇ. 16 ಮಿಮೀ ಆಳ, 56 ಮಿಮೀ ಅಗಲ. ಸ್ಕ್ರೂ ಇಲ್ಲದೆ ಕುತ್ತಿಗೆ ಒತ್ತಿ ಎತ್ತಿದರೆ ಬಾಡಿಯೂ ಜೊತೆಗೆ ಏಳಬೇಕು.

ತಮ್ಮ: ಎದ್ದಿತಾ?

ನಾನು: ಎದ್ದಿತು. ಮೂರು ಎಣಿಸುವಷ್ಟರಲ್ಲಿ ಬಿತ್ತು. ಕಾಲ ಬೆರಳ ಮೇಲೆ.

ಚಿಕ್ಕಪ್ಪ: ಈ ಆಕಾರ ನಿನ್ನದೇನಾ?

ನಾನು: ಅಲ್ಲ, ಟೆಲಿಕ್ಯಾಸ್ಟರ್. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1950ರಲ್ಲಿ ಮಾರುಕಟ್ಟೆಗೆ ತಂದ ನಮೂನೆ. ಈ ಹೆಸರು ಬಂದದ್ದು 1951ರಲ್ಲಿ. ಸಪಾಟು ಹಲಗೆ, ಕುತ್ತಿಗೆಗೆ ನಾಲ್ಕು ಸ್ಕ್ರೂ. ಮನೆಯಲ್ಲಿ ಮಾಡುವವರಿಗೆ ಇದೇ ಸುಲಭ.

ದೊಡ್ಡಪ್ಪ: ಅವನು ಅವನ ಅಪ್ಪನ ಹಲಗೆ ಕತ್ತರಿಸಿದನಾ?

ತಮ್ಮ: 😂😂

ತಮ್ಮ: ತೂಕ ಎಷ್ಟು ಬಂತು ಅಣ್ಣ? ಹಲಸು ಭಾರ ಅಲ್ವಾ?

ನಾನು: 2.6 ಕಿಲೋ. ಅಲ್ಲಿಯವರು ಬಳಸುವ ಆಲ್ಡರ್ ಮರದಲ್ಲಿ ಎರಡರ ಹತ್ತಿರ ಬರುತ್ತದೆ. ನಿಂತು ಬಾರಿಸಿದರೆ ಭುಜ ಬೇಡ ಅನ್ನುತ್ತದೆ. ಮರದ ಬಗ್ಗೆ ತಲೆ ಕೆಡಿಸಿಕೊಳ್ಳುವುದಾದರೆ ದನಿಗಿಂತ ಮೊದಲು ತೂಕಕ್ಕೆ ಕೆಡಿಸಿಕೊಳ್ಳಬೇಕು.

ಅಮ್ಮ: ಅಡುಗೆಮನೆ ತಕ್ಕಡಿ ಮೇಲೆ ಇಟ್ಟವನು ನೀನಾ? ನಾನು ಬೆಳಗ್ಗೆಯಿಂದ ಆ ಮರದ ಪುಡಿ ರವೆ ಅಂದುಕೊಂಡು ಒರೆಸುತ್ತಿದ್ದೇನೆ.

ದೊಡ್ಡಪ್ಪ: ಉಳಿದ ತುಂಡು ಎಷ್ಟಿದೆ?

ನಾನು: ಎಂಟು ಇಂಚು ಇರಬಹುದು.

ದೊಡ್ಡಪ್ಪ: ಅದಕ್ಕೆ ರೌಟರ್ ಹಚ್ಚಬೇಡ. ಬರುವಾಗ ತಾ. ಮೆಟ್ಟುಗತ್ತಿಯ ಮಣೆ ಸೀಳಿದೆ ಅಂತ ನಿನ್ನ ದೊಡ್ಡಮ್ಮ ಗಲಾಟೆ ಮಾಡುತ್ತಿದ್ದಾಳೆ.

ಅತ್ತೆ: ಅದೂ ನಾಲ್ಕು ಜನರದ್ದು ಅಣ್ಣ.

(ದೊಡ್ಡಪ್ಪ ‘ಟೈಪ್ ಮಾಡುತ್ತಿದ್ದಾರೆ’ ಎಂದು ತುಂಬಾ ಹೊತ್ತು ತೋರಿಸಿತು. ಕೊನೆಗೆ ಬಂದದ್ದು ಒಂದು ಗುಡ್ ನೈಟ್ ಹೂವಿನ ಚಿತ್ರ. ಆಗ ಮಧ್ಯಾಹ್ನ ಹನ್ನೆರಡೂವರೆ.)