ತೆರಿಗೆ ಬಿಲ್ಲಿನಲ್ಲಿರುವ ಕಾಲೇಜು

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ ಸೇರಿದಳೆಂಬ ಸುದ್ದಿ ಯುಗಾದಿ ಊಟದ ಪಂಕ್ತಿಯ ಕೊನೆಯವರೆಗೂ ಕೇಳಿಸುತ್ತದೆ. ಎರಡು ವರ್ಷದ ಸಾರ್ವಜನಿಕ ಕಾಲೇಜಾದ ಕಮ್ಯುನಿಟಿ ಕಾಲೇಜಿಗೆ ಸೇರಿದಳೆನ್ನುವಾಗ ಮಾತ್ರ ನಮ್ಮವರ ದನಿ ತಾನಾಗಿಯೇ ತಗ್ಗುತ್ತದೆ. ಕೋರ್ಸಿನ ಗಾತ್ರವನ್ನು ಅಳೆಯುವ ಸೆಮಿಸ್ಟರ್ ಯೂನಿಟ್ ಒಂದಕ್ಕೆ 46 ಡಾಲರ್ ಎಂಬ ಅಲ್ಲಿನ ಶುಲ್ಕ 2012ರಿಂದ ಏರಿಲ್ಲ. ಎರಡು ವರ್ಷ ಓದಿ, ನಿಗದಿತ ಅಂಕ ಪಡೆದವರಿಗೆ ಡೇವಿಸ್, ಅರ್ವೈನ್ ಸೇರಿದಂತೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿ) ಆರು ಕ್ಯಾಂಪಸ್‌ಗಳು ಪ್ರವೇಶದ ಖಾತರಿ ಕೊಡುತ್ತವೆ. ಆದರೂ ಸಂಕೋಚ ಹೋಗಿಲ್ಲ.

ಸಂಕೋಚದ ಮಾತು ಹಾಗಿರಲಿ, ಈ ಕಾಲೇಜುಗಳಿಗೆ ಹಣ ಕೊಡುವವರಲ್ಲಿ ನಾವೂ ಇದ್ದೇವೆ. ಕೂಪರ್ಟಿನೊದಲ್ಲಿ ಸ್ವಂತ ಮನೆಯುಳ್ಳವರು, ಡಿಸೆಂಬರ್ 10ರೊಳಗೆ ಮೊದಲ ಕಂತು ಕಟ್ಟಬೇಕಾದ ಆಸ್ತಿ ತೆರಿಗೆಯ ಬಿಲ್ಲನ್ನು ಬಿಡಿಸಿ ನೋಡಿದರೆ, ಶೇ 1ರ ಮೂಲ ತೆರಿಗೆಯ ಕೆಳಗೆ ಅಲ್ಲಿನ ಎರಡು ಕಮ್ಯುನಿಟಿ ಕಾಲೇಜುಗಳನ್ನು ನಡೆಸುವ ಫುಟ್‌ಹಿಲ್–ಡಿ ಆಂಜಾ ಕಾಲೇಜು ಜಿಲ್ಲೆಯ ಬಾಂಡಿನ, ಅಂದರೆ ಆಸ್ತಿ ತೆರಿಗೆಯಿಂದ ತೀರಿಸುವ ಸಾಲದ, ಬಾಬ್ತೂ ಕಾಣುತ್ತದೆ. ರಾಜ್ಯದ ಮತದಾರರೇ ಓಟು ಹಾಕಿ ಜಾರಿಗೆ ತಂದ 1978ರ ಪ್ರಾಪೊಸಿಷನ್ 13 ಮೂಲ ತೆರಿಗೆಗೆ ಮಿತಿ ಹಾಕಿದ ಮೇಲೆ ಕಾಲೇಜುಗಳು ರಾಜ್ಯದ ಖಜಾನೆಯನ್ನೇ ಹೆಚ್ಚಾಗಿ ನೆಚ್ಚಬೇಕಾಯಿತು. 2000ದಲ್ಲಿ ಪ್ರಾಪೊಸಿಷನ್ 39 ಬಂದು, ಶೇ 55 ಮತ ಬಿದ್ದರೆ ಸಾಕು, ಸ್ಥಳೀಯವಾಗಿ ಬಾಂಡ್ ಎತ್ತಬಹುದೆಂದಾಯಿತು. ಆದರೆ ಬಾಂಡಿನ ಹಣ ಕಟ್ಟಡಕ್ಕೆ, ಸಲಕರಣೆಗೆ ಮಾತ್ರ. ಮೇಷ್ಟರ ಸಂಬಳಕ್ಕೆ ಅದರಲ್ಲಿ ಒಂದು ಕಾಸೂ ಸಲ್ಲದು.

2020ರ ಮಾರ್ಚಿನಲ್ಲಿ ಇದೇ ಜಿಲ್ಲೆಯ ಮತದಾರರು 89.8 ಕೋಟಿ ಡಾಲರಿನ ಬಾಂಡಿಗೆ ಒಪ್ಪಿದರು. ಅದೇ ಮತಪತ್ರದಲ್ಲಿದ್ದ, ನಿತ್ಯದ ಖರ್ಚಿಗಾಗಿ ಪ್ರತಿ ನಿವೇಶನಕ್ಕೆ ವರ್ಷಕ್ಕೆ 48 ಡಾಲರ್ ಕೇಳಿದ ತೆರಿಗೆಗೆ ಮೂರನೇ ಎರಡರಷ್ಟು ಮತ ಬೇಕಿತ್ತು, ಅದು ಸೋತಿತು. ಚುನಾಯಿತ ಆಡಳಿತ ಮಂಡಳಿಗಳು ಕಟ್ಟಡದ ಕಡೆಗೇ ಒಲಿಯುತ್ತವೆಂದು ದೂರುವವರು ಈ ಲೆಕ್ಕವನ್ನೂ ನೋಡಬೇಕು. ರಿಬ್ಬನ್ ಕತ್ತರಿಸುವ ಉತ್ಸಾಹ ಅವರಲ್ಲಿ ಇಲ್ಲವೆನ್ನಲಾರೆ, ಆದರೆ ಆ ದಾರಿಯನ್ನು ಸಲೀಸು ಮಾಡಿಕೊಟ್ಟವರು ಮತದಾರರೇ. ಹೀಗಾಗಿ ಹೊಸ ಲ್ಯಾಬಿನಲ್ಲಿ ಪಾಠ ಹೇಳುವವರು ಎಷ್ಟೋ ಸಲ ಅರೆಕಾಲಿಕ ಅಧ್ಯಾಪಕರು. ಬೆಳಿಗ್ಗೆ ಒಂದು ಕಾಲೇಜು, ಸಂಜೆ ಇನ್ನೊಂದು ಎಂದು ಕಾರಿನಲ್ಲೇ ಅಲೆಯುವ ಇವರಿಗೆ ಇಲ್ಲಿಯವರು ‘ಫ್ರೀವೇ ಫ್ಲೈಯರ್’ ಎಂದು ಹೆಸರಿಟ್ಟಿದ್ದಾರೆ.

ನನ್ನ ಮಗಳು ಹೆಸರು ನೋಂದಾಯಿಸಿದ್ದ ಸಂಜೆಯ ಗಣಿತದ ತರಗತಿ, ವಿದ್ಯಾರ್ಥಿಗಳು ಸಾಲದೆಂಬ ಕಾರಣಕ್ಕೆ ಮೊದಲ ವಾರವೇ ರದ್ದಾದಾಗ, ನಾನು ಆ ಕಾಲೇಜಿನ ಮಂಡಳಿಯ ಸಭೆಗೆ ಹೋಗಿದ್ದೆ. ನೌಕರರ ಸಂಘದ ಕೆಲವರು, ಇಬ್ಬರು ವಿದ್ಯಾರ್ಥಿಗಳು, ಹಿಂದಿನ ಸಾಲಿನಲ್ಲಿ ನಾನು. ಉಳಿದ ಕುರ್ಚಿಗಳೆಲ್ಲ ಖಾಲಿ. ಮೂರು ನಿಮಿಷ ಮಾತಾಡಿದೆ. ಸಭೆ ಮುಗಿದ ಮೇಲೆ ಸದಸ್ಯೆಯೊಬ್ಬರು ಬಳಿಗೆ ಬಂದು, ತಂದೆತಾಯಿಗಳು ಇಲ್ಲಿಗೆ ಬರುವುದೇ ಅಪರೂಪ ಎಂದರು. ಅದರಲ್ಲಿ ಉಪಚಾರವಿತ್ತೋ ಆಕ್ಷೇಪವಿತ್ತೋ ತಿಳಿಯಲಿಲ್ಲ. ರದ್ದಾದ ತರಗತಿಯಂತೂ ಮರಳಿ ಬರಲಿಲ್ಲ.

ಎಚ್‌-1ಬಿ ವೀಸಾದಲ್ಲಿರುವ ನಮ್ಮವರು ‘ನಮಗೆ ಓಟೇ ಇಲ್ಲವಲ್ಲ’ ಎನ್ನುತ್ತಾರೆ. ಆದರೆ ಸ್ಥಳೀಯ ಮಂಡಳಿಗಳ ಸಭೆ ಸಾರ್ವಜನಿಕರಿಗೆ ತೆರೆದಿರಬೇಕೆನ್ನುವ 1953ರ ಬ್ರೌನ್ ಕಾಯ್ದೆಯ ಪ್ರಕಾರ ಇಂಥ ಸಭೆಯಲ್ಲಿ ಮಾತಾಡಲು ಓಟು ಬೇಕಿಲ್ಲ, ಪೌರತ್ವವೂ ಬೇಕಿಲ್ಲ. ಮಾಮೂಲು ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕೆಂಬ ನಿಯಮವೂ ಅದರಲ್ಲಿದೆ. ಮುಂದಿನ ಸಭೆಗೆ ನಾನು ಹೋಗುತ್ತೇನೆ. ಕಾರಿನಲ್ಲಿ ಇನ್ನೂ ಮೂವರಿಗೆ ಜಾಗವಿದೆ.